ಎಫ್‌ಡಿ ಅಂತ ಹೇಳಿ ಬ್ಯಾಂಕಿನಲ್ಲಿ ಅಪ್ಪನಿಗೆ ಪಾಲಿಸಿ ಮಾರಿದ್ದಾರೆ. ದೂರು ಆರ್‌ಬಿಐಗೋ, ವಿಮಾ ನಿಯಂತ್ರಕ ಐಆರ್‌ಡಿಎಐಗೋ?

ಪಾಲಿಸಿ ಕೈಗೆ ಬಂದು ಹನ್ನೆರಡು ದಿನ ಆಯ್ತು ಅಂದಿದ್ದೀರಿ. ಹಾಗಾದರೆ ದೂರು ಆಮೇಲೆ. ಮೊದಲು ಅದನ್ನು ರದ್ದು ಮಾಡಿಸಿ, ಇವತ್ತೇ.

ನನ್ನದು ಶಿರಸಿ–ಕುಮಟಾ ರಸ್ತೆಯ ಹಳ್ಳಿ. 2018ರಲ್ಲಿ ಅಡಿಕೆ ಮಾರಿದ ದುಡ್ಡಲ್ಲಿ ಎರಡು ಲಕ್ಷ ಎಫ್‌ಡಿ ಇಡೋಣ ಅಂತ ಬ್ಯಾಂಕಿಗೆ ಹೋದೆ. ಹದಿನೈದು ವರ್ಷದ ಪರಿಚಯದ ಶಾಖೆ. ಚಾ ತರಿಸಿದರು. "ಹೆಗಡೇರೆ, ಎಫ್‌ಡಿಗಿಂತ ಒಳ್ಳೇದು ಬಂದಿದೆ. ಐದು ವರ್ಷ ಬಿಟ್ಟು ತೆಗೆದರಾಯ್ತು, ವಿಮೆ ಪುಕ್ಕಟೆ" ಅಂದರು. ಟಿಕ್ ಹಾಕಿಟ್ಟ ಕಡೆಯೆಲ್ಲ ಸಹಿ ಮಾಡಿದೆ. ಕಂಪನಿಯಿಂದ ಫೋನ್ ಬಂದರೆ ಎಲ್ಲದಕ್ಕೂ "ಹೌದು" ಅನ್ನಿ ಅಂದಿದ್ದರು. ಅಂದೆ.

ಇಷ್ಟಾದರೂ ದುಡ್ಡು ಉಳಿಯುತ್ತಿತ್ತು. ಕಳೆದದ್ದು ಪಾಲಿಸಿಯ ಲಕೋಟೆಯಿಂದ. ಆಷಾಢದ ಮಳೆಯಲ್ಲಿ ಅಂಚೆಯಲ್ಲಿ ಬಂತು. ಬೂಷ್ಟು ಹಿಡಿದೀತು ಅಂತ ಒಡೆಯದೇ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಬಾಯಿ ಕಟ್ಟಿ, ಪಹಣಿಗಳ ಜೊತೆ ಕಪಾಟಿನಲ್ಲಿಟ್ಟೆ. ಅಷ್ಟು ಜೋಪಾನ! ಮರುವರ್ಷ "ಪ್ರೀಮಿಯಂ ಬಾಕಿ" ಅಂತ ಮೆಸೇಜ್ ಬಂದಾಗ ಒಡೆದೆ. ಶುರುವಿನಲ್ಲೇ ಇತ್ತು: ಪ್ರೀಮಿಯಂ ಕಟ್ಟುವ ಅವಧಿ 10 ವರ್ಷ. ವರ್ಷಕ್ಕೆ ಎರಡು ಲಕ್ಷ! ಒಪ್ಪಿಗೆ ಇಲ್ಲದಿದ್ದರೆ 15 ದಿನದೊಳಗೆ ವಾಪಸ್ ಮಾಡಬಹುದು ಅಂತಲೂ ಇತ್ತು. ಇದಕ್ಕೆ 'ಫ್ರೀ ಲುಕ್' ಅಂತಾರೆ. ನಾನು ಓದುವಾಗ ಹನ್ನೊಂದು ತಿಂಗಳಾಗಿತ್ತು. ಅವತ್ತೇ ಒಡೆದಿದ್ದರೆ ಒಂದು ಪತ್ರದಲ್ಲಿ ಮುಗಿಯುತ್ತಿತ್ತು. ಎರಡನೇ ಕಂತು ಕಟ್ಟಲಿಲ್ಲ, ಮೊದಲನೇದು ಪೂರ್ತಿ ಮುಳುಗಿತು. ಜಗಳಕ್ಕೆ ಹೋದರೆ ನನ್ನದೇ ದನಿ ಕೇಳಿಸಿದರು: ಹೌದು, ಹೌದು.

2024ರಿಂದ ಫ್ರೀ ಲುಕ್ 30 ದಿನ. ನಿಮಗಿನ್ನೂ ಹದಿನೆಂಟು ದಿನ ಇದೆ. ಶಾಖೆಗೆ ಹೋಗಬೇಡಿ. "ಸಾಹೇಬರು ಮುಂದಿನ ವಾರ ಬರ್ತಾರೆ" ಅನ್ನುತ್ತಲೇ ದಿನ ಕಳೆಸುತ್ತಾರೆ. ಬ್ಯಾಂಕು ಇಲ್ಲಿ ಬರೀ ಏಜೆಂಟ್. ನೇರ ವಿಮಾ ಕಂಪನಿಗೆ ಅಪ್ಪನ ಸಹಿ ಇರುವ ಪತ್ರ ಕಳಿಸಿ, ಇಮೇಲಲ್ಲೂ ಸ್ಪೀಡ್ ಪೋಸ್ಟಲ್ಲೂ. ಅಷ್ಟು ದಿನದ ವಿಮೆಯ ಖರ್ಚು, ಸ್ಟಾಂಪ್ ಶುಲ್ಕ, ವೈದ್ಯಕೀಯ ತಪಾಸಣೆ ಆಗಿದ್ದರೆ ಅದರ ಖರ್ಚು ಮುರಿದುಕೊಂಡು ಉಳಿದದ್ದು ಕೊಡಬೇಕು. ಕೊಡದಿದ್ದರೆ ಐಆರ್‌ಡಿಎಐನ ದೂರಿನ ವೆಬ್‌ಸೈಟ್ 'ಬಿಮಾ ಭರೋಸಾ'ದಲ್ಲಿ ದೂರು ಹಾಕಿ. ಒಂದು ತಿಂಗಳು ಉತ್ತರ ಇಲ್ಲದಿದ್ದರೆ ವಿಮೆಯ ತಕರಾರು ಬಗೆಹರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಫೀ ಇಲ್ಲ, ವಕೀಲರೂ ಬೇಡ.

ಆರ್‌ಬಿಐ, ಐಆರ್‌ಡಿಎಐ ಅಂತ ಇಬ್ಬರು ನಿಯಂತ್ರಕರು ಇರುವಾಗ ಮೋಸ ಹೇಗಾಯ್ತು ಅಂತ ಕೇಳಿದ್ದೀರಿ. ಈ ನಂಬಿಕೆಯೇ ತಪ್ಪು. ವಿಮಾ ಕಂಪನಿಯ ಸಾಲ್ವೆನ್ಸಿ (ಹೊಣೆ ತೀರಿಸುವ ತಾಕತ್ತಿನ ಲೆಕ್ಕ) 150% ಇದೆಯಾ, ಬ್ಯಾಂಕಿನ ಬಂಡವಾಳ ಸಾಕಷ್ಟಿದೆಯಾ ಅಂತ ಅವರು ನೋಡುತ್ತಾರೆ. ಸಂಸ್ಥೆ ಮುಳುಗಬಾರದು, ಅದೇ ದೊಡ್ಡ ಚಿಂತೆ. ನನಗೆ ಪಾಲಿಸಿ ಕೊಟ್ಟ ಕಂಪನಿ ಚೆನ್ನಾಗೇ ಇದೆ, ಮುಳುಗಿದ್ದು ನಾನಲ್ವಾ? ತಪ್ಪು ಹೇಳಿ ಮಾರಬಾರದು ಅನ್ನುವ ನಿಯಮವೂ ಇದೆ. ಆದರೆ ಟೇಬಲ್ ಮುಂದೆ ಆಡಿದ ಮಾತು ಕಡತದಲ್ಲಿ ಇರುವುದಿಲ್ಲ, ಸಹಿ ಇರುತ್ತದೆ. ಬ್ಯಾಂಕ್ ಠೇವಣಿಗಿರುವ ಐದು ಲಕ್ಷದ ವಿಮೆ ಈ ಪಾಲಿಸಿಗೆ ಇಲ್ಲ, ಅದೂ ತಲೆಯಲ್ಲಿರಲಿ.

ಲಕೋಟೆ ಎಸೆದಿಲ್ಲ ತಾನೆ? ಅಂಚೆ ಮುದ್ರೆಯ ತಾರೀಖು ಕಾಣುವಂತೆ ಫೋಟೋ ತೆಗೆದು ಇಮೇಲಿಗೆ ಲಗತ್ತಿಸಿ.