ಹೊಸಬರಿಗೆ ಬೆಂಗಳೂರಿನಲ್ಲಿ ಒಳ್ಳೆ ಹೋಂಬ್ರೂ ಅಂಗಡಿ ಎಲ್ಲಿದೆ?

ಮನೆಯಲ್ಲೇ ಬಿಯರ್ ಮಾಡೋಕೆ ಬೇಕಾದ್ದೆಲ್ಲಾ ಒಂದೇ ಕಡೆ ಸಿಗಬೇಕು, ಹೊಸಬನಿಗೆ ತಿಳಿಸಿ ಹೇಳುವವರು ಇರಬೇಕು, ಕಿಟ್ ತಗೊಳ್ಳೋದಾ ಬಿಡಿಯಾಗಿ ತಗೊಳ್ಳೋದಾ ಅಂತ ಕೇಳಿದ್ದೀರಿ. 2016ರ ಡಿಸೆಂಬರಿನಲ್ಲಿ ನಾನು ಹುಡುಕುತ್ತಿದ್ದದ್ದೂ ಇಂಥದೇ ಅಂಗಡಿಯನ್ನ. ಸಿಕ್ಕಿತು ಕೂಡ. ಸಿಕ್ಕಿದ್ದೇ ತಪ್ಪಾಯಿತು.

ಆಗ ವಿಜಯನಗರದಲ್ಲಿ ಬಾಡಿಗೆಗೆ ಇದ್ದೆ. ಎರಡನೇ ಮಹಡಿ, ಅದರ ಮೇಲೆ ಬರೀ ತಾರಸಿ. ಕೆಳಗಿನ ಮನೆಯಲ್ಲಿ ಓನರ್ ಅಂಕಲ್, ಆಂಟಿ. ಆಫೀಸಿನವರ ಜೊತೆ ಇಂದಿರಾನಗರದ ಬ್ರೂಪಬ್ಬುಗಳಿಗೆ (ಬಿಯರು ತಾವೇ ತಯಾರಿಸೋ ಪಬ್ಬುಗಳು) ಹೋಗಿ ಹೋಗಿ, ಆ ಬಿಯರನ್ನ ಮನೆಯಲ್ಲೇ ಮಾಡಿದರೆ ಹೇಗೆ ಅನ್ನೋ ಹುಳ ತಲೆ ಹೊಕ್ಕಿತ್ತು. ಕಾನೂನಿನ ಯೋಚನೆ ಬರಲೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹೋದದ್ದು ಅವೆನ್ಯೂ ರೋಡಿಗೆ. ಅಲ್ಲಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ ಲ್ಯಾಬ್ ಸಾಮಾನಿನ ಅಂಗಡಿ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಗಲ್ಲಾ ಪೆಟ್ಟಿಗೆ ಹಿಂದೆ ಒಬ್ಬರು ವಯಸ್ಸಾದ ಯಜಮಾನರು. ಹೈಡ್ರೋಮೀಟರ್ ಇದೆಯಾ ಸರ್ ಅಂದೆ. ದ್ರವ ಎಷ್ಟು ಭಾರ ಅಂತ ಅಳೆಯೋ ಗಾಜಿನ ಕಡ್ಡಿ ಅದು.

"ಯಾವುದಕ್ಕೆ? ಹಾಲಿಗಾ, ಬ್ಯಾಟ್ರಿಗಾ?"

ಅದರಲ್ಲೂ ಜಾತಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಬಿಯರಿಗೆ ಅನ್ನೋಕೆ ನಾಚಿಕೆ. "ಸಕ್ಕರೆ ನೀರಿಗೆ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ರಟ್ಟಿನ ಕೊಳವೆಯೊಂದನ್ನ ಇಳಿಸಿ, ಧೂಳು ಒರೆಸಿ ಕೊಟ್ಟರು. ಒಳಗೆ ಗಾಜಿನ ಕಡ್ಡಿ, 1.000ದಿಂದ 1.100ರವರೆಗೆ ಗೆರೆ. 280 ರೂಪಾಯಿ.

ನೋಟು ರದ್ದಾಗಿ ಒಂದೂವರೆ ತಿಂಗಳಾಗಿತ್ತು, ನೆನಪಿದೆಯಲ್ಲ ಆ ದಿನಗಳು? ನನ್ನ ಜೇಬಿನಲ್ಲಿ ಇದ್ದದ್ದು ಒಂದೇ ಒಂದು 2000ದ ನೋಟು. "ಚಿಲ್ಲರೆ ಇಲ್ಲಪ್ಪ, ಬೆಳಗ್ಗೆಯಿಂದ ಎಲ್ಲರೂ ಇದನ್ನೇ ತರ್ತಿದಾರೆ. ನಾಳೆ ಬನ್ನಿ, ತೆಗೆದಿಟ್ಟಿರ್ತೀನಿ" ಅಂದರು. ಆಯ್ತು ಸರ್ ಅಂತ ಹೊರಟೆ. ಮರುದಿನ ಹೋಗಲಿಲ್ಲ.

ಯಾಕಂದರೆ ಆ ಸಂಜೆಯೇ ನನಗೆ 'ಒಳ್ಳೆ ಅಂಗಡಿ' ಸಿಕ್ಕಿತು. ಹೆಸರು ಬೇಡ, ಈಗ ಅದು ಇಲ್ಲ ಕೂಡ. ಎಸಿ, ಮರದ ಕಪಾಟು, ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ಬೆಲೆಗಳು. ಎಲ್ಲಕ್ಕಿಂತ ಮುಖ್ಯ, ಕಾರ್ಡ್ ಉಜ್ಜುವ ಮೆಷಿನ್ ಇತ್ತು. ಹತ್ತು ಲೀಟರಿನ ಕಿಟ್: ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಪಾಕ), ಹಾಪ್ಸ್ (ಕಹಿ ಕೊಡೋ ಹೂ), ಯೀಸ್ಟ್ (ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಹುಟ್ಟಿಸೋ ಸೂಕ್ಷ್ಮಜೀವಿ), ಬಕೆಟ್, ಏರ್‌ಲಾಕ್ (ಬಕೆಟಿನ ಗ್ಯಾಸ್ ಹೊರಗೆ ಬಿಟ್ಟು, ಗಾಳಿ ಒಳಗೆ ಬಿಡದ ನೀರಿನ ಕವಾಟ), ಬಾಟಲಿಗೆ ಮುಚ್ಚಳ ಒತ್ತುವ ಉಪಕರಣ, ಎಲ್ಲಾ ಸೇರಿ 4,500. ಹೈಡ್ರೋಮೀಟರ್ ಬೇಡವಾ ಅಂತ ಕೇಳಿದೆ. ಕೇಳಿದ್ದೆ, ಅದೇ ಹೊಟ್ಟೆ ಉರಿಯೋದು.

"ಅದೆಲ್ಲ ಅಡ್ವಾನ್ಸ್ಡ್ ಲೆವೆಲ್ ಬ್ರೋ. ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತ್ರೆ ಮುಗೀತು ಅಂತ. ಬಾಟಲ್ ಮಾಡ್ಬಿಡಿ."

ಯೀಸ್ಟ್ ಪ್ಯಾಕೆಟ್‌ಗಳು ಬಿಲ್ಲಿಂಗ್ ಮೇಜಿನ ಮೇಲೆ, ಕಿಟಕಿ ಪಕ್ಕ, ಬಿಸಿಲಿನಲ್ಲಿ ಒಂದು ಬುಟ್ಟಿಯಲ್ಲಿದ್ದವು. ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಬದಲು ಕೊಡೋ ಚಾಕ್ಲೇಟಿನ ಹಾಗೆ. ದಿನಾಂಕ ನೋಡಬೇಕು ಅಂತ ನನಗೆ ಹೊಳೆಯಲಿಲ್ಲ.

ಕ್ರಿಸ್ಮಸ್ ದಿನ ಭಾನುವಾರ, ಕುದಿಸಿ ಬಕೆಟಿಗೆ ಹಾಕಿದೆ. ಮೂರು ದಿನ ಏರ್‌ಲಾಕ್ ಗುಳುಗುಳು ಅಂದಿತು, ಐದನೇ ದಿನ ನಿಂತಿತು. ಅನುಮಾನ ಬೇಡ ಅಂತ ಇನ್ನೂ ಎರಡು ವಾರ ಬಿಟ್ಟೆ. ಸಂಕ್ರಾಂತಿ ದಿನ ಬಾಟಲಿಗೆ ತುಂಬಿದೆ. ಗುಜರಿಯವನಿಂದ ತಂದ 650 ಎಂಎಲ್‌ನ ಕಂದು ಬಾಟಲಿಗಳು, ಹನ್ನೆರಡು. ಗ್ಯಾಸ್ ಹುಟ್ಟಲಿ ಅಂತ ಒಂದೊಂದಕ್ಕೂ ಅಳತೆ ಸಕ್ಕರೆ. ಅಡುಗೆಮನೆ ಅಟ್ಟದ ಮೇಲೆ ಸಾಲಾಗಿ ಇಟ್ಟೆ. ಫೆಬ್ರವರಿ ಮೊದಲ ವಾರ ಒಂದು ತೆಗೆದು ಕುಡಿದೆ. ಗ್ಯಾಸ್ ಕಮ್ಮಿ, ಬೆಲ್ಲದ ಪಾನಕದ ಹಾಗೆ ಸಿಹಿ. ಬಿಯರು ನನಗೆ ಎಲ್ಲಾ ಹೇಳಿಬಿಟ್ಟಿತ್ತು. ನನಗೆ ಕಿವಿ ಇರಲಿಲ್ಲ.

ಇಲ್ಲಿ ಸ್ವಲ್ಪ ಕೊರೆಯುತ್ತೇನೆ. ನನ್ನ ದುಡ್ಡೆಲ್ಲ ಹೋದದ್ದು ಇಲ್ಲೇ.

ಗುಳ್ಳೆ ನಿಲ್ಲೋದಕ್ಕೆ ಕಾರಣ ಒಂದೇ ಅಲ್ಲ. ಯೀಸ್ಟ್ ಸಕ್ಕರೆ ಎಲ್ಲಾ ತಿಂದು ಮುಗಿಸಿರಬಹುದು. ಚಳಿಗೆ ಮಲಗಿರಬಹುದು. ಹಳೇ ಯೀಸ್ಟ್ ಅರ್ಧ ದಾರಿಯಲ್ಲೇ ಸುಸ್ತಾಗಿರಬಹುದು. ಮುಚ್ಚಳ ಸರಿಯಾಗಿ ಕೂತಿರದೆ ಗ್ಯಾಸ್ ಪಕ್ಕದಿಂದ ಹೋಗುತ್ತಿರಬಹುದು. ನಾಲ್ಕರಲ್ಲೂ ಏರ್‌ಲಾಕ್ ನೋಡೋಕೆ ಒಂದೇ ಥರ. ವಿಷಲ್ ನಿಂತಿತು ಅಂತ ಅನ್ನ ಬೆಂದಿದೆ ಅಂದುಕೊಂಡ ಹಾಗೆ ಇದು. ಸಿಲಿಂಡರ್ ಖಾಲಿಯಾದರೂ ವಿಷಲ್ ನಿಲ್ಲುತ್ತದೆ ಅಲ್ವಾ?

ಹೈಡ್ರೋಮೀಟರ್ ಮಾಡೋದು ಕುಕ್ಕರ್ ತೆಗೆದು ಅಗುಳು ಹಿಚುಕಿ ನೋಡುವ ಕೆಲಸ. ಸಕ್ಕರೆ ಕರಗಿದ ನೀರು ಬರೀ ನೀರಿಗಿಂತ ಭಾರ, ಅದರಲ್ಲಿ ಕಡ್ಡಿ ಜಾಸ್ತಿ ತೇಲುತ್ತದೆ. ಯೀಸ್ಟ್ ಸಕ್ಕರೆ ತಿಂದ ಹಾಗೆಲ್ಲ ಕಡ್ಡಿ ಕೆಳಗಿಳಿಯುತ್ತದೆ. ಬರೀ ನೀರಲ್ಲಿ 1.000. ನಾನು ಮಾಡಿದಂಥ ಬಿಯರು 1.050ರ ಹತ್ತಿರ ಶುರುವಾಗಿ 1.010, 1.012ರ ಹತ್ತಿರ ನಿಲ್ಲಬೇಕು. ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿದಾಗಲೂ ಅದೇ ಅಂಕಿ ಬಂದರೆ ಮುಗಿದಿದೆ. ಎರಡು ನಿಮಿಷದ ಕೆಲಸ.

ನನ್ನ ಯೀಸ್ಟ್ ಮೊದಲೇ ಬಿಸಿಲಿಗೆ ಬಾಡಿತ್ತು. ಮೇಲೆ ಬೆಂಗಳೂರಿನ ಡಿಸೆಂಬರ್ ಚಳಿ, ರಾತ್ರಿ 15, 16 ಡಿಗ್ರಿ. ಅರ್ಧ ತಿಂದು ಮಲಗಿಬಿಟ್ಟಿತು. ನಾನು ಮಲಗಿದ್ದನ್ನ ಬಾಟಲಿಗೆ ತುಂಬಿ, ಜೊತೆಗೆ ಇನ್ನಷ್ಟು ಸಕ್ಕರೆ ಹಾಕಿ, ಮುಚ್ಚಳ ಬಡಿದು, ತಾರಸಿಯ ಬಿಸಿ ಇಳಿಯೋ ಅಟ್ಟದ ಮೇಲಿಟ್ಟೆ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತೆ ಅಂತಾರಲ್ಲ, ಯೀಸ್ಟಿಗೂ ಆ ಗಾದೆ ಗೊತ್ತಿತ್ತು ಅನಿಸುತ್ತದೆ.

2017ರ ಶಿವರಾತ್ರಿ, ಫೆಬ್ರವರಿ 24. ಕೆಳಗೆ ಆಂಟಿ ಮನೆಯಲ್ಲಿ ಜಾಗರಣೆ, ಹತ್ತು ಹನ್ನೆರಡು ಹೆಂಗಸರು ಭಜನೆಗೆ ಬಂದಿದ್ದರು. ನಾನು ಅದನ್ನ ಕೇಳುತ್ತಾ ನಿದ್ದೆ ಹೋಗಿದ್ದೆ. ಒಂದು ಗಂಟೆ ಸುಮಾರಿಗೆ ಢಮ್ ಅಂತ ಒಂದು. ಅದರ ಹಿಂದೆಯೇ ಇನ್ನೊಂದು. ಕೆಳಗೆ ತಾಳ ನಿಂತಿತು. ಅಡುಗೆಮನೆ ಲೈಟ್ ಹಾಕಿದರೆ ಅಟ್ಟದ ಪರದೆ ಹರಿದು ನೇತಾಡುತ್ತಿದೆ, ಒಲೆ ಮೇಲೆ ಗಾಜು, ಸಿಂಕಿನಲ್ಲಿ ಗಾಜು. ಬೆಳಗ್ಗೆ ನಾನು ಕಾಫಿ ಕಾಯಿಸೋಕೆ ನಿಲ್ಲುತ್ತಿದ್ದ ಜಾಗದಲ್ಲೂ ಗಾಜು. ನೋಡುತ್ತಿದ್ದ ಹಾಗೇ ಮೂರನೆಯದು.

ಉಳಿದವನ್ನ ಇಳಿಸಬೇಕಲ್ಲ. ಬೈಕಿನ ಹೆಲ್ಮೆಟ್ ಹಾಕಿಕೊಂಡೆ, ರೇನ್‌ಕೋಟ್ ಹಾಕಿಕೊಂಡೆ, ಕೈಗೆ ಟವೆಲ್ ಸುತ್ತಿಕೊಂಡೆ. ಅಷ್ಟರಲ್ಲಿ ಇನ್ನೂ ನಾಲ್ಕು ಹೋದವು. ಒಟ್ಟು ಏಳು. ಆಗಲೇ ಬಾಗಿಲು ಬಡಿದ ಸದ್ದು. ತೆಗೆದರೆ ಆಂಟಿ, ಹಣೆ ತುಂಬಾ ವಿಭೂತಿ, ಹಿಂದೆ ಮೆಟ್ಟಿಲ ಮೇಲೆ ಅರ್ಧ ಭಜನಾ ಮಂಡಳಿ.

"ಏನಪ್ಪಾ ಅದು, ಸಿಲಿಂಡರ್ರಾ?"

"ಇಲ್ಲ ಆಂಟಿ, ಸೋಡಾ" ಅಂದೆ, ಹೆಲ್ಮೆಟ್ ಒಳಗಿಂದ.

ಆಂಟಿ ಮೂಗು ಒಂದು ಸಲ ಅರಳಿತು. ಬೆಳಗ್ಗೆಯಿಂದ ಉಪವಾಸ ಇದ್ದವರಿಗೆ ವಾಸನೆ ಚೆನ್ನಾಗಿ ಗೊತ್ತಾಗುತ್ತದೆ. "ಶಿವರಾತ್ರಿ ದಿನ" ಅಂದರು. ಅಷ್ಟೇ. ಇಳಿದುಹೋದರು.

ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿದೆ. ಹತ್ತು ತಿಂಗಳ ಅಡ್ವಾನ್ಸಿನಲ್ಲಿ ಎರಡು ತಿಂಗಳ ಬಾಡಿಗೆ ಹಿಡಿದುಕೊಂಡರು, 22,000. ಗೋಡೆ, ಅಟ್ಟ, ಪೇಂಟು ಅಂತ ಲೆಕ್ಕ. ಜಗಳ ಮಾಡೋ ಮುಖ ನನಗೆ ಇರಲಿಲ್ಲ. 280 ರೂಪಾಯಿಗೆ ಚಿಲ್ಲರೆ ಇಲ್ಲದ್ದಕ್ಕೆ ಇಷ್ಟು.

ಒಡೆಯದೆ ಉಳಿದ ನಾಲ್ಕನ್ನ ಬೆಡ್‌ಶೀಟಿನಲ್ಲಿ ಸುತ್ತಿ ಫ್ರಿಜ್ಜಿಗೆ ತಳ್ಳಿದ್ದೆ. ಮರುದಿನ ಮತ್ತೆ ಹೆಲ್ಮೆಟ್ ಹಾಕಿಕೊಂಡು ತಾರಸಿಯಲ್ಲಿ ಒಂದೊಂದೇ ಮುಚ್ಚಳ ಸಡಿಲಿಸಿದೆ. ಆಮೇಲೆ ಅವೆನ್ಯೂ ರೋಡಿನ ಯಜಮಾನರ ಹತ್ತಿರ ಹೋದೆ. ಅವರು ನನ್ನ ಮರೆತಿರಲಿಲ್ಲ. "ಸಕ್ಕರೆ ನೀರು ಏನಾಯ್ತು?" ಅಂದರು. ಈ ಸಲ ನಿಜ ಹೇಳಿದೆ. ನಗಲಿಲ್ಲ. ಕಡ್ಡಿ ಕೊಡುತ್ತಾ, "ಅಳೆಯೋ ಮುಂಚೆ ಒಂದು ಲೋಟದಿಂದ ಇನ್ನೊಂದಕ್ಕೆ ಹತ್ತಿಪ್ಪತ್ತು ಸಲ ಎತ್ತಿ ಹುಯ್ಯಿ, ಕಾಫಿ ಆರಿಸ್ತೀರಲ್ಲ ಹಾಗೆ. ಗುಳ್ಳೆ ಅಂಟಿದ್ರೆ ಕಡ್ಡಿ ಎತ್ತುತ್ತೆ, ಸುಳ್ಳು ಅಂಕಿ ಬರುತ್ತೆ" ಅಂದರು. ಮನೆಗೆ ಬಂದು ಹಾಗೇ ಮಾಡಿ ಅಳೆದೆ. 1.024. ಅಂದರೆ ಲೀಟರಿಗೆ ಇನ್ನೂ ಸುಮಾರು 30 ಗ್ರಾಂ ಸಕ್ಕರೆ ಹುಳಿಯೋದಕ್ಕೆ ಬಾಕಿ. ಬಾಟಲಿಯಲ್ಲಿ ಗ್ಯಾಸ್ ಹುಟ್ಟೋಕೆ ನಾವು ಹಾಕೋದು ಲೀಟರಿಗೆ 6, 7 ಗ್ರಾಂ. ಗಾಜು ಪಾಪ ಎಷ್ಟಂತ ತಡೆಯುತ್ತದೆ?

ಈಗ ನಿಮ್ಮ ಪ್ರಶ್ನೆ. ಎಲ್ಲಾ ಒಂದೇ ಕಡೆ ಸಿಗೋ ಅಂಗಡಿ ಹುಡುಕೋದನ್ನ ಬಿಡಿ ಅಂತಲೇ ನನ್ನ ಉತ್ತರ. ಅಮೆರಿಕದ ವಿಡಿಯೋ ನೋಡಿ ನಮ್ಮಲ್ಲೂ ಅಂಥ ಅಂಗಡಿ ಇರುತ್ತೆ ಅಂದುಕೊಳ್ಳುತ್ತೇವೆ. ಅಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು ದಾರಿಯಾಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ ತೆರಿಗೆ ಇಲ್ಲ. ಹಾಗಾಗಿ ಅಂಗಡಿಗಳೂ ಬೆಳೆದವು. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965 ಇದೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಅಡುಗೆಮನೆಯಲ್ಲಾದರೂ ಅಷ್ಟೇ. ಇದು ನನಗೆ ಗೊತ್ತಾದದ್ದು ಬಾಟಲಿ ಒಡೆದ ಮೇಲೆ. ಆಂಟಿ ಪೊಲೀಸಿಗೆ ಫೋನ್ ಮಾಡಿದ್ದರೆ 22,000 ಸಣ್ಣ ಮೊತ್ತ ಅನಿಸುತ್ತಿತ್ತು. ಆ ಬಿಯರೇ ನನ್ನ ಮೊದಲನೆಯದು, ಕೊನೆಯದೂ.

ಅದಕ್ಕೇ ಹೇಳೋದು, ಬಿಯರಿಂದ ಶುರು ಮಾಡಬೇಡಿ. ಶುಂಠಿ ಸೋಡಾ ಮಾಡಿ. ನಾನು ಈಗ ಮಾಡುವುದು ಅದನ್ನೇ. ಹಸಿ ಶುಂಠಿ ತುರಿ, ಸಕ್ಕರೆ, ಕುದಿಸಿ ಆರಿಸಿದ ಕಾವೇರಿ ನೀರು (ಕುದಿಸದಿದ್ದರೆ ಕ್ಲೋರಿನ್ ತೊಂದರೆ ಕೊಡುತ್ತದೆ). ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕುತ್ತಾ ಹೋದರೆ ನಾಲ್ಕೈದು ದಿನಕ್ಕೆ ತಾನೇ ನೊರೆ ಬರುತ್ತದೆ. ಅದನ್ನ ಸ್ವಲ್ಪ ಸ್ವಲ್ಪ ಶುಂಠಿ ಷರಬತ್ತಿಗೆ ಬೆರೆಸಿ, ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಗಾಜು ಬೇಡವೇ ಬೇಡ. ದಿನಾ ಬಾಟಲಿ ಹಿಚುಕಿ ನೋಡಿ, ಕಲ್ಲಿನ ಹಾಗಾದ ತಕ್ಷಣ ಫ್ರಿಜ್ಜಿಗೆ. ಇದರಲ್ಲೂ ಸ್ವಲ್ಪ ಆಲ್ಕೋಹಾಲ್ ಹುಟ್ಟುತ್ತದೆ, ಜಾಸ್ತಿ ದಿನ ಹೊರಗೆ ಬಿಟ್ಟರೆ ಏರುತ್ತದೆ, ಹಾಗಾಗಿ ಬಿಡಬೇಡಿ. ತೊಳೆಯೋದು, ಅಳೆಯೋದು, ಕಾಯೋದು, ಮೂರೂ ಕೈಗೆ ಬರುತ್ತವೆ.

ಇದಕ್ಕೆ ಬೇಕಾದ್ದು ಪೇಟೆಯಲ್ಲೇ ಇದೆ. ಥರ್ಮಾಮೀಟರ್, ಟೆಂಪರೇಚರ್ ಕಂಟ್ರೋಲರ್‌ಗೆ ಎಸ್‌ಪಿ ರೋಡ್. ಸ್ಟೀಲ್ ಕೊಳಾಯಿ, ಫಿಟ್ಟಿಂಗಿಗೆ ಎಸ್‌ಜೆಪಿ ರೋಡ್. ಹೈಡ್ರೋಮೀಟರ್ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ, ಆದರೆ ಕೇಳುವಾಗ ಅಂಕಿ ಹೇಳಿ ಕೇಳಿ, 1.000ದಿಂದ 1.100. ಸುಮ್ನೆ ಹೈಡ್ರೋಮೀಟರ್ ಅಂದರೆ ಹಾಲಿನದ್ದು ಕೊಡುತ್ತಾರೆ, ಅದರ ಗೆರೆ 1.040ರ ಆಸುಪಾಸಿಗೆ ನಿಲ್ಲುತ್ತದೆ. ಬ್ಯಾಟರಿಯದ್ದು 1.100ರ ಮೇಲೆಯೇ ಶುರು. ಎರಡೂ ನಿಮಗೆ ಉಪಯೋಗವಿಲ್ಲ.

ಅಷ್ಟಾದರೂ ಕಿಟ್ ಮಾರುವ ಕಡೆ ಹೋಗೇ ಹೋಗುತ್ತೀರಿ, ನನಗೆ ಗೊತ್ತು. ಹೋದರೆ ಯೀಸ್ಟ್ ಎಲ್ಲಿಟ್ಟಿದ್ದಾರೆ ಅಂತ ಮೊದಲು ನೋಡಿ. ಫ್ರಿಜ್ಜಿನಿಂದ ತೆಗೆದು, ದಿನಾಂಕ ತಾವಾಗಿಯೇ ತೋರಿಸಿದರೆ ಕೂತು ಮಾತಾಡಿ. ಬುಟ್ಟಿಯಲ್ಲಿದ್ದರೆ ನಮಸ್ಕಾರ ಹೇಳಿ ಬನ್ನಿ. ಯಾವುದಕ್ಕೆ ಅಂತ ಒಂದು ಮಾತೂ ಕೇಳದೆ ಬಿಲ್ ಹಾಕುವವರನ್ನಂತೂ ನಂಬಬೇಡಿ.

ಯಜಮಾನರ ಅಂಗಡಿ ಈಗಲೂ ಇದೆ, ಮಗ ಕೂರುತ್ತಾನೆ. ಹೋದ ತಿಂಗಳು ಕಡ್ಡಿ ಕೈಜಾರಿ ಒಡೆದು ಹೊಸದು ತರೋಕೆ ಹೋಗಿದ್ದೆ. ಗಲ್ಲಾ ಪೆಟ್ಟಿಗೆ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದಾನೆ.