ಹುಳ ಕಂಡ ಕೂಡಲೇ ಪಂಪು ಹಿಡಿಯಬೇಡಿ

ಮಾಳಿಗೆ ತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: ಹುಳ ಬಿದ್ದಿದೆ, ಯಾವ ಔಷಧಿ ಹೊಡೆಯಲಿ? ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವೇ ಜಾಸ್ತಿ. ಆಶ್ಚರ್ಯ ಏನಿಲ್ಲ. ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ ನಮ್ಮದು. ಮನೆಯ ಯಾವುದೋ ಮೂಲೆಯಲ್ಲಿ ಅರ್ಧ ಬಾಟಲಿ ಔಷಧಿ ಇದ್ದೇ ಇರುತ್ತದೆ, ಕೈ ಅಲ್ಲಿಗೇ ಹೋಗುತ್ತದೆ. ನಾನೂ ಬಳ್ಳಾರಿಯಲ್ಲೇ ಮಾಳಿಗೆ ಮೇಲೆ ನಲವತ್ತು ಕುಂಡ ಇಟ್ಟುಕೊಂಡವಳು, ಮೊದಲ ಎರಡು ವರ್ಷ ಇದೇ ತಪ್ಪು ಮಾಡಿದವಳು. ಹಾಗಾಗಿ ಬೈಯೋಕೆ ನನಗೆ ಹಕ್ಕಿಲ್ಲ. ಹಾಗಂತ ಬೈಯದೆ ಬಿಡುವುದೂ ಇಲ್ಲ.

ಪ್ರಶ್ನೆ: ದಾಸವಾಳದ ಮೊಗ್ಗಿನ ಬುಡದಲ್ಲಿ, ಎಳೆ ಕೊಂಬೆಯಲ್ಲಿ ಬಿಳಿ ಹತ್ತಿ ಅಂಟಿಸಿದ ಹಾಗೆ ಹುಳ. ಹತ್ತಿ ಬೆಳೆಗೆ ಹೊಡೆಯುವ ಔಷಧಿಯನ್ನೇ ಮೂರು ಸಲ ಹೊಡೆದೆ. ಹದಿನೈದು ದಿನಕ್ಕೆ ಮತ್ತೆ ಬರುತ್ತದೆ, ಮೊದಲಿಗಿಂತ ಜಾಸ್ತಿ. ಏನು ಮಾಡಲಿ?
ಗೃಹಿಣಿ, ಬಳ್ಳಾರಿ

ಉತ್ತರ: ಇದು ಹಿಟ್ಟು ತಿಗಣೆ. ಹತ್ತಿ ಹೊಲದ ಹಿಟ್ಟು ತಿಗಣೆಯೇ ದಾಸವಾಳಕ್ಕೂ ಬರುತ್ತದೆ, ಎರಡೂ ಗಿಡ ಹತ್ತಿರದ ನೆಂಟರು. ಕಾಂಪೌಂಡ್ ಪಕ್ಕದ ಕಾಂಗ್ರೆಸ್ ಗಿಡದಲ್ಲೂ ಅದು ಸುಮ್ನೆ ಕೂತಿರುತ್ತದೆ, ಮೊದಲು ಅದನ್ನು ಕಿತ್ತು ಹಾಕಿ.

ತಿಗಣೆಯ ಮೈಮೇಲೆ ಮೇಣದ ಪುಡಿ ಇರುತ್ತದೆ. ನೀವು ಹೊಡೆದ ಔಷಧಿ ಅದಕ್ಕೆ ಸರಿಯಾಗಿ ತಾಗುವುದೇ ಇಲ್ಲ. ತಾಗುವುದು ಯಾರಿಗೆ? ಅದನ್ನು ತಿನ್ನಲು ಬಂದವರಿಗೆ. ಅವರು ಸತ್ತರು, ಮೇಣದೊಳಗೆ ಬದುಕಿದ ನಾಲ್ಕು ಹೆಣ್ಣು ತಿಗಣೆಗಳು ತಲಾ ನೂರಾರು ಮರಿ ಹಾಕಿದವು. ನಿಮ್ಮ ಹದಿನೈದು ದಿನದ ಲೆಕ್ಕ ಇಷ್ಟೇ.

ಈಗ ಒಂದು ಕೆಲಸ ಮಾಡಿ. ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು ಗಿಡದ ಮುಂದೆ ಹತ್ತು ನಿಮಿಷ ಕೂತು ನೋಡಿ. ಕಾಂಡದ ಮೇಲೆ ಇರುವೆ ಸಾಲು ಹತ್ತಿ ಇಳಿಯುತ್ತಿರುತ್ತದೆ. ತಿಗಣೆ ಗಿಡದ ರಸ ಹೀರಿ ಹಿಂದಿನಿಂದ ಸಿಹಿ ಅಂಟು ಬಿಡುತ್ತದೆ, ಇರುವೆಗೆ ಆ ಸಿಹಿ ಬೇಕು, ಹಾಗಾಗಿ ದನಗಾಹಿ ದನ ಕಾಯುವ ಹಾಗೆ ಅದು ತಿಗಣೆಯನ್ನು ಕಾಯುತ್ತದೆ, ತಿಗಣೆ ತಿನ್ನಲು ಹತ್ತಿರ ಬಂದ ಗುಲಗಂಜಿ ಹುಳವನ್ನು (ಲೇಡಿಬರ್ಡ್) ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಇರುವೆಯನ್ನು ತಡೆದರೆ ಅರ್ಧ ಕೆಲಸ ಮುಗಿಯಿತು. ಕುಂಡವಾದರೆ ನೀರು ತುಂಬಿದ ತಟ್ಟೆಯ ನಡುವೆ ಕಲ್ಲಿಟ್ಟು ಅದರ ಮೇಲೆ ಕೂರಿಸಿ. ನೆಲದ ಗಿಡವಾದರೆ ಕಾಂಡಕ್ಕೆ ಟೇಪ್ ಸುತ್ತಿ, ಟೇಪಿನ ಮೇಲೆ ಗ್ರೀಸ್ ಸವರಿ. ತೊಗಟೆಗೆ ನೇರವಾಗಿ ಹಚ್ಚಬೇಡಿ. ಕೊಂಬೆ ಗೋಡೆಗೆ ತಾಗದ ಹಾಗೆ ಕತ್ತರಿಸಿ, ಇಲ್ಲದಿದ್ದರೆ ಇರುವೆ ಆ ಸೇತುವೆ ಹಿಡಿದು ಬರುತ್ತದೆ.

ತುಂಬಾ ಕೆಟ್ಟಿರುವ ತುದಿಗಳನ್ನು ಕತ್ತರಿಸಿ ಸೋಪು ನೀರಿನ ಬಕೆಟ್‌ಗೆ ಹಾಕಿ. ಉಳಿದದ್ದಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಆಮೇಲೆ ಪೈಪಿನಿಂದ ಜೋರಾಗಿ ನೀರು ಬಿಡಿ. ಔಷಧಿ ಬೇಕೇ ಬೇಕು ಅಂದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ. ಸಂಜೆ ಹೊತ್ತು ಮಾತ್ರ. ನಮ್ಮ ಬಿಸಿಲಿನಲ್ಲಿ ಎಣ್ಣೆ ಹೊಡೆದರೆ ಎಲೆ ಹಪ್ಪಳವಾಗುತ್ತದೆ.

ಬ್ರಷ್ ಹಿಡಿಯುವ ಮುಂಚೆ ಒಂದು ಮುಖ್ಯ ಮಾತು. ಬಿಳಿ ಹುಳಗಳ ನಡುವೆ ಒಂದೆರಡು ದೊಡ್ಡವು, ಮೈತುಂಬಾ ಮೇಣದ ಜಡೆ ಬಿಟ್ಟುಕೊಂಡು ಅವಸರದಲ್ಲಿ ಓಡಾಡುತ್ತಿದ್ದರೆ ಅವನ್ನು ಮುಟ್ಟಬೇಡಿ. ಅದು ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳದ ಮರಿ. ತಿಗಣೆಯ ವೇಷ ಹಾಕಿಕೊಂಡೇ ತಿಗಣೆ ತಿನ್ನುತ್ತದೆ. 1898ರಲ್ಲೇ ಇದನ್ನು ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದರು, ಕಾಫಿ ಗಿಡದ ಕೀಟ ತಿನ್ನಲಿ ಅಂತ. ಹಾಗೆಯೇ ಕೆಲವು ತಿಗಣೆಗಳು ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಪುಟ್ಟ ಪೀಪಾಯಿಯ ಹಾಗೆ ಊದಿಕೊಂಡಿರುತ್ತವೆ. ಬೆನ್ನಲ್ಲಿ ದುಂಡನೆಯ ತೂತು ಇದ್ದರೆ ತಿಗಣೆಯನ್ನು ಒಳಗಿನಿಂದ ತಿಂದು ಬೆಳೆದ ಪುಟ್ಟ ಕಣಜ ಆಗಲೇ ಹಾರಿ ಹೋಗಿದೆ ಅಂತ ಅರ್ಥ. ತೂತು ಇಲ್ಲದಿದ್ದರೆ ಇನ್ನೂ ಒಳಗಿದೆ. ಅಂಥ ಕೊಂಬೆಯನ್ನು ಸೋಪು ನೀರಿಗೆ ಹಾಕಬೇಡಿ, ಗಿಡದಲ್ಲೇ ಬಿಡಿ.

ಇಷ್ಟು ಸಣ್ಣ ಹುಳದಿಂದ ಏನಾಗುತ್ತದೆ ಅಂತ ಅನಿಸಬಹುದು. 2008ರಲ್ಲಿ ತಮಿಳುನಾಡಿನಲ್ಲಿ ಪಪ್ಪಾಯ ಹಿಟ್ಟು ತಿಗಣೆ ಕಾಣಿಸಿಕೊಂಡಾಗ ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು ಬೆಳೆದವರು ಕೈಚೆಲ್ಲಿ ಕೂತಿದ್ದರು. ಔಷಧಿ ನಾಟಲಿಲ್ಲ. 2010ರಲ್ಲಿ ಬೆಂಗಳೂರಿನ ಕೇಂದ್ರ ಸರ್ಕಾರದ ಕೀಟ ಸಂಶೋಧನಾ ಸಂಸ್ಥೆಯವರು ಪೋರ್ಟೊ ರಿಕೊದಿಂದ ಮೂರು ಜಾತಿಯ ಪುಟ್ಟ ಕಣಜ ತರಿಸಿ ಬೆಳೆಸಿ ಬಿಟ್ಟರು. ತಿಗಣೆಯ ಸೊಕ್ಕು ಇಳಿಸಿದ್ದು ಅವೇ.

ಪ್ರಶ್ನೆ: ಗುಲಾಬಿ ಎಲೆಯ ಅಂಚಿನಲ್ಲಿ ನಾಣ್ಯ ಇಟ್ಟು ಕತ್ತರಿಸಿದ ಹಾಗೆ ಅರ್ಧ ಚಂದ್ರಾಕಾರದ ತೂತು. ರಾತ್ರಿ ಟಾರ್ಚ್ ಹಿಡಿದು ಹುಡುಕಿದರೂ ಹುಳ ಸಿಗಲಿಲ್ಲ.
ಕಾಲೇಜು ವಿದ್ಯಾರ್ಥಿ, ರಾಯಚೂರು

ಉತ್ತರ: ರಾತ್ರಿ ಹುಡುಕಿದರೆ ಹೇಗೆ ಸಿಗುತ್ತದೆ, ಅದು ಹಗಲು ದುಡಿಯುವ ಜೀವ. ಎಲೆ ಕತ್ತರಿಸುವ ಜೇನು ಅದು. ಎಲೆಯನ್ನು ತಿನ್ನುವುದಿಲ್ಲ, ಮನೆ ಕಟ್ಟೋಕೆ ಒಯ್ಯುತ್ತದೆ. ನಮ್ಮ ಮಾಳಿಗೆಯಲ್ಲಿ ಒಂದು ದಿನ ಎಂಟು ಗಂಟೆ ಹೊತ್ತಿಗೆ ಕಣ್ಣೆದುರೇ ನೋಡಿದೆ. ಎಲೆಯ ಅಂಚಿನ ಮೇಲೆ ಕುದುರೆ ಹತ್ತಿದ ಹಾಗೆ ಕಾಲು ಚಾಚಿ ಕೂತು, ದರ್ಜಿ ಕತ್ತರಿ ಆಡಿಸುವ ಹಾಗೆ ದವಡೆ ಆಡಿಸುತ್ತಾ ಸುತ್ತು ಬಂತು. ಕೆಲವೇ ಸೆಕೆಂಡು. ಕೊನೆಯ ಎಳೆ ಕಡಿಯುವ ಹೊತ್ತಿಗೆ ತುಂಡಿನ ಜೊತೆ ತಾನೂ ಬೀಳಬೇಕಿತ್ತು, ಅಷ್ಟರಲ್ಲಿ ರೆಕ್ಕೆ ಬಿಚ್ಚಿ, ಎಲೆಯನ್ನು ಹೊಟ್ಟೆಯ ಕೆಳಗೆ ಸುರುಳಿ ಮಾಡಿ ಹಿಡಿದು, ಹಳೇ ಕಿಟಕಿಯ ಸ್ಕ್ರೂ ತೂತಿನೊಳಗೆ ಹೋಗಿಬಿಟ್ಟಿತು. ಆ ತೂತಿನಲ್ಲಿ ಎಲೆಯ ಬಟ್ಟಲು ಮಾಡಿ, ಪರಾಗ ತುಂಬಿ, ಮೊಟ್ಟೆಯಿಟ್ಟು, ದುಂಡನೆಯ ಎಲೆ ತುಂಡಿನಿಂದ ಮುಚ್ಚುತ್ತದೆ.

ಗಿಡಕ್ಕೆ ಏನೂ ಆಗಲ್ಲ. ನಾಲ್ಕು ಎಲೆ ಹೋಗುತ್ತವೆ, ಹೋಗಲಿ. ಬದಲಿಗೆ ನಿಮ್ಮ ಹೂಗಳ ಪರಾಗಸ್ಪರ್ಶ ಅದು ಮಾಡುತ್ತದೆ. ಅದಕ್ಕೆ ಇನ್ನೂ ಮನೆ ಮಾಡಿಕೊಡುವ ಆಸೆ ಇದ್ದರೆ ಒಂದು ಗೇಣು ಉದ್ದದ, ಪೆನ್ಸಿಲ್ ದಪ್ಪದ ತೂತಿರುವ ಬಿದಿರು ಕಡ್ಡಿಗಳನ್ನು ತನ್ನಿ, ಒಂದು ಬದಿ ಗಂಟು ಇರಬೇಕು. ಕಟ್ಟು ಕಟ್ಟಿ, ಮಳೆ ತಾಗದ, ಬೆಳಗಿನ ಬಿಸಿಲು ಬೀಳುವ ಗೋಡೆಗೆ ಅಡ್ಡವಾಗಿ ನೇತುಹಾಕಿ.

ಪ್ರಶ್ನೆ: ಮನೆಯ ಕಿಟಕಿ ಚೌಕಟ್ಟಿನಲ್ಲಿ ಯಾವುದೋ ಕಣಜ ಮಣ್ಣಿನ ಪುಟ್ಟ ಮಡಕೆ ಕಟ್ಟಿದೆ. ಮನೆಯವರು ಒಡೆದು ಹಾಕು ಅನ್ನುತ್ತಾರೆ. ಹೂಗಿಡಕ್ಕೆ ಗುಲಗಂಜಿ ಹುಳ ಎಲ್ಲಿ ದುಡ್ಡಿಗೆ ಸಿಗುತ್ತದೆ ಅಂತಲೂ ತಿಳಿಸಿ.
ಅಂಗಡಿ ವ್ಯಾಪಾರಿ, ಗಂಗಾವತಿ

ಉತ್ತರ: ನಿಮ್ಮ ಊರನ್ನು ಭತ್ತದ ಕಣಜ ಅಂತಾರೆ. ಆ ಕಣಜವನ್ನು ಕಾಯುವುದರಲ್ಲಿ ಈ ಹಾರುವ ಕಣಜಗಳ ಪಾಲೂ ಇದೆ. ಮಡಕೆ ಕಟ್ಟಿದ್ದು ಕುಂಬಾರ ಕಣಜ. ಗಿಡದ ಮೇಲಿನ ಹಸಿರು ಕಂಬಳಿ ಹುಳಗಳನ್ನು ಕುಟುಕಿ, ಮೈ ಜೋಮು ಹಿಡಿಸಿ, ಮಡಕೆಯೊಳಗೆ ತುಂಬಿ ಮರಿಗೆ ಬುತ್ತಿ ಕಟ್ಟಿಡುತ್ತದೆ. ಗುಂಪು ಕಟ್ಟುವ ಜಾತಿಯಲ್ಲ, ಕೈಯಲ್ಲಿ ಹಿಡಿಯದಿದ್ದರೆ ಕಚ್ಚುವುದಿಲ್ಲ. ಒಡೆಯಬೇಡಿ. ಮಡಕೆಗೆ ತೂತು ಬಿದ್ದ ಮೇಲೆ ಬೇಕಾದರೆ ಕೆರೆದು ಸುಣ್ಣ ಹೊಡೆಯಿರಿ.

ಗುಲಗಂಜಿ ಹುಳವನ್ನು ದುಡ್ಡು ಕೊಟ್ಟು ತರಬೇಡಿ. ಊಟ ಇಲ್ಲದ ಮನೆಯಲ್ಲಿ ನೆಂಟರು ಎಷ್ಟು ದಿನ ಇರುತ್ತಾರೆ? ಎರಡೇ ದಿನಕ್ಕೆ ಪಕ್ಕದ ಮನೆಗೆ ಹಾರುತ್ತವೆ. ಊಟ ಇಡಿ, ತಾವೇ ಬರುತ್ತವೆ. ಒಂದು ಹಳೇ ಬಕೆಟ್‌ನಲ್ಲಿ ಹತ್ತು ಅಲಸಂದಿ ಕಾಳು ಬಿತ್ತಿ. ಅದಕ್ಕೆ ಗಿಡದ ರಸ ಹೀರುವ ಕಪ್ಪು ಸಸ್ಯ ಹೇನು ಹತ್ತುತ್ತದೆ, ಹತ್ತಲಿ ಬಿಡಿ. ಆ ಹೇನು ಗುಲಾಬಿಗೆ ಹೋಗುವುದಿಲ್ಲ, ಆದರೆ ಅದನ್ನು ತಿನ್ನಲು ಬಂದ ಗುಲಗಂಜಿ ಹುಳ ಗುಲಾಬಿಯ ಹೇನನ್ನೂ ಬಿಡುವುದಿಲ್ಲ. ಹತ್ತಿ ಹೊಲದ ಸುತ್ತ ಅಲಸಂದಿ ಹಾಕಿ ಅಂತ ಹೇಳುವುದು ಇದೇ ಕಾರಣಕ್ಕೆ. ಜೊತೆಗೆ ಅಡುಗೆಮನೆಯ ಕೊತ್ತಂಬರಿ, ಸಬ್ಬಸಿಗೆ ನಾಲ್ಕು ಗಿಡ ಕೀಳದೆ ಹೂ ಬಿಡಲು ಬಿಡಿ. ಪುಟ್ಟ ಕಣಜ, ಹೂನೊಣಗಳ ಬಾಯಿ ಚಿಕ್ಕದು, ಅವುಗಳಿಗೆ ಇಂಥ ತೆರೆದ ಸಣ್ಣ ಹೂವೇ ಬೇಕು. ದಪ್ಪ ಪಕಳೆ ತುಂಬಿದ ಹೈಬ್ರಿಡ್ ಚೆಂಡು ಹೂವಿನಲ್ಲಿ ಅವು ಮಕರಂದ ಹುಡುಕಿ ಸುಸ್ತಾಗಬೇಕು ಅಷ್ಟೇ.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಕಣಗಿಲೆ ತುದಿಯಲ್ಲಿ ಹಳದಿ ಹೇನು ಕಿಕ್ಕಿರಿದಿತ್ತು, ಎಕ್ಕದ ಗಿಡದಲ್ಲೂ ನೋಡಿರುತ್ತೀರಿ. ಅದರ ನಡುವೆ ಕಪ್ಪು ಮೈ, ಕಿತ್ತಳೆ ಚುಕ್ಕೆಯ, ಮೊಸಳೆ ಮರಿಯಂಥ ವಿಕಾರ ಹುಳಗಳು. ಇವೇ ಹೇನಿನ ತಾಯಿ ಅಂದುಕೊಂಡು ಚಿಮುಟದಲ್ಲಿ ಹಿಡಿದು ಒಂದೊಂದಾಗಿ ಹೊಸಕಿದೆ, ಇಪ್ಪತ್ತಕ್ಕೂ ಜಾಸ್ತಿ. ಅವು ಗುಲಗಂಜಿ ಹುಳದ ಮರಿಗಳು. ದೊಡ್ಡದಾಗುವಷ್ಟರಲ್ಲಿ ಒಂದೊಂದೂ ನೂರಾರು ಹೇನು ತಿನ್ನುತ್ತಿತ್ತು. ಮುಂದಿನ ವಾರ ಕಣಗಿಲೆ ತುದಿಯೆಲ್ಲ ಅಂಟು, ಮಸಿ.

ಪ್ರಶ್ನೆ: ನಮ್ಮ ಮನೆ ಅದಿರು ಲಾರಿ ಓಡಾಡುವ ರಸ್ತೆಗೆ ಹತ್ತಿರ. ಮಾರ್ಚ್ ಬಂದರೆ ಗುಲಾಬಿ ಎಲೆ ಬೂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಇಮಿಡಾಕ್ಲೋಪ್ರಿಡ್ ಕೀಟನಾಶಕ ಹೊಡೆದರೂ ಪ್ರಯೋಜನ ಇಲ್ಲ.
ಶಿಕ್ಷಕಿ, ಸಂಡೂರು

ಉತ್ತರ: ಎಲೆ ಮಗುಚಿ ನೋಡಿ. ತೆಳ್ಳನೆ ಜೇಡರ ಬಲೆ, ಅದರಲ್ಲಿ ಖಾರದ ಪುಡಿ ಚೆಲ್ಲಿದ ಹಾಗೆ ಕೆಂಪು ಚುಕ್ಕೆ ಓಡಾಡಿದರೆ ಅದು ಜೇಡ ನುಸಿ. ಎಂಟು ಕಾಲಿನದು, ಕೀಟವೇ ಅಲ್ಲ. ಇಮಿಡಾಕ್ಲೋಪ್ರಿಡ್‌ಗೆ ಅದು ಸಾಯುವುದಿಲ್ಲ, ಎಷ್ಟೋ ಸಲ ಇನ್ನೂ ಹೆಚ್ಚುತ್ತದೆ. ಅದಕ್ಕೆ ಬೇಕಾದದ್ದು ಒಣ ಬಿಸಿ ಮತ್ತು ಧೂಳು, ಎರಡೂ ನಿಮ್ಮಲ್ಲಿ ಧಾರಾಳ. ಎಲೆಯ ಮೇಲೆ ಧೂಳಿನ ಪದರ ಕೂತರೆ ನುಸಿ ತಿನ್ನುವ ಪುಟ್ಟ ಜೀವಗಳಿಗೆ ಓಡಾಡೋಕೇ ಆಗುವುದಿಲ್ಲ. ಹಾಗಾಗಿ ನಿಮ್ಮ ಔಷಧಿ ನೀರೇ. ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಯಿಂದ ಮೇಲಕ್ಕೆ ಜೋರಾಗಿ ನೀರು ಚಿಮ್ಮಿಸಿ, ಧೂಳೂ ಹೋಗುತ್ತದೆ, ನುಸಿಯೂ ಉದುರುತ್ತದೆ. ಮೇ ಮುಗಿಯುವವರೆಗೆ ಹಸಿರು ನೆರಳು ಪರದೆ ಕಟ್ಟಿ.

ಪ್ರಶ್ನೆ: ಗುಲಾಬಿ ಕುಂಡದ ಮಣ್ಣಿಗೆ ಗುಳಿಗೆ ಹಾಕಿದರೆ ಹುಳವೇ ಬರಲ್ಲ ಅಂತಾರೆ, ನಿಜವಾ? ನಮ್ಮ ಬಿಸಿಲಿಗೆ ಯಾವ ಹೂ ಬರುತ್ತದೆ?
ರೈತ, ಸಿಂಧನೂರು

ಉತ್ತರ: ಫೋರೇಟ್ ಅನ್ನುವ ಕೀಟನಾಶಕ ಗುಳಿಗೆಯ ಮಾತಾದರೆ, 2020ರ ಕೊನೆಗೇ ಅದನ್ನು ದೇಶದಲ್ಲಿ ನಿಷೇಧಿಸಿದ್ದಾರೆ. ಮಕ್ಕಳು ಮಣ್ಣಾಡುವ ಕುಂಡಕ್ಕೆ ಆ ವಿಷವಾ? ಬೇರಿನಿಂದ ಹೀರಿಕೊಳ್ಳುವ ಔಷಧಿ ಪರಾಗಕ್ಕೂ ಮಕರಂದಕ್ಕೂ ಹೋಗುತ್ತದೆ. ಒಮ್ಮೆ ಒಂದು ನರ್ಸರಿಯಿಂದ ಮೈತುಂಬಾ ಹೂ ಇದ್ದ ಸೇವಂತಿಗೆ ತಂದಿದ್ದೆ. ಮೂರನೇ ದಿನ ಕುಂಡದ ಸುತ್ತ ಹೂನೊಣ ಸತ್ತು ಬಿದ್ದಿದ್ದವು. ಅವರು ಏನು ಹಾಕಿದ್ದರೋ, ಕೇಳಿದರೆ ಹೇಳಲಿಲ್ಲ. ಅಂದಿನಿಂದ ಹೊಸ ಗಿಡ ತಂದರೆ ಹೂ ಕತ್ತರಿಸಿ ಒಂದು ತಿಂಗಳು ಬೇರೆ ಇಡುತ್ತೇನೆ.

ಬಿಸಿಲಿಗೆ ಅಡೇನಿಯಂ, ಕಾಗದದ ಹೂವು, ನಿತ್ಯಪುಷ್ಪ. ಕಣಗಿಲೆಯೂ ಸರಿ, ಆದರೆ ಅದು ವಿಷ, ದನ ಮಕ್ಕಳ ಕೈಗೆ ಸಿಗದಿರಲಿ. ಜೇನು ಬರಬೇಕಾದರೆ ಹತ್ತು ಗಂಟೆ ಹೂವು ಮತ್ತು ಕಾಮಕಸ್ತೂರಿ. ಕುಂಡಕ್ಕೆ ಎರೆ (ಕಪ್ಪು) ಮಣ್ಣು ಒಂದನ್ನೇ ತುಂಬಬೇಡಿ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಮಸಾರಿ (ಕೆಂಪು) ಮಣ್ಣು, ಮರಳು, ಹಳೇ ತಿಪ್ಪೆ ಗೊಬ್ಬರ ಸೇರಿಸಿ.

ಪ್ರಶ್ನೆ: ಜೇನಿಗೆ ನೀರಿನ ತಟ್ಟೆ ಇಟ್ಟರೆ ಸೊಳ್ಳೆ ಆಗಲ್ವಾ?
ಓದುಗರು, ಮಾನ್ವಿ

ಉತ್ತರ: ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸ ನೀರು ಹಾಕಿದರೆ ಆಗಲ್ಲ, ಸೊಳ್ಳೆ ಮರಿ ಬೆಳೆಯೋಕೆ ವಾರ ಬೇಕು. ಇರುವೆ ತಡೆಯಲು ಇಟ್ಟ ತಟ್ಟೆಗೂ ಇದೇ ಮಾತು. ಜೇನಿನ ತಟ್ಟೆಗೆ ನೀರಿನ ಮೇಲೆ ತಲೆ ಎತ್ತುವಷ್ಟು ಬೆಣಚು ಕಲ್ಲು ಹಾಕಿ, ಇಲ್ಲದಿದ್ದರೆ ಜೇನು ಮುಳುಗಿ ಸಾಯುತ್ತದೆ.

ಪ್ರಶ್ನೆ: ಗೇಟಿನ ಕಾಗದದ ಹೂವಿನ ಬಳ್ಳಿಯಲ್ಲಿ ಅಂಗೈ ಅಗಲದ ಜೇನು ಕಟ್ಟಿದೆ. ಮಗಳು ಹೊರಗೆ ಬರಲು ಹೆದರುತ್ತಾಳೆ. ಹೊಗೆ ಹಾಕಿ ಓಡಿಸಲಾ?
ಓದುಗರು, ಕುಷ್ಟಗಿ

ಉತ್ತರ: ಒಂದೇ ತಟ್ಟಿ, ಕೊಂಬೆಯನ್ನು ತಬ್ಬಿಕೊಂಡ ಹಾಗೆ ಕಟ್ಟಿದ್ದರೆ ಅದು ಕೋಲು ಜೇನು. ಹೆಜ್ಜೇನಲ್ಲ. ಕೊಂಬೆ ಅಲುಗಿಸದಿದ್ದರೆ ತನ್ನ ಪಾಡಿಗೆ ಇರುತ್ತದೆ. ಹೊಗೆ ಬೇಡ. ಮಗಳಿಗೆ ಹತ್ತು ಅಡಿ ದೂರದಿಂದ ತೋರಿಸಿ, ಹೊರಗಿನ ಪದರದ ಹುಳಗಳೆಲ್ಲ ಒಟ್ಟಿಗೆ ಮೈ ಅಲ್ಲಾಡಿಸಿದಾಗ ಪೂರ್ತಿ ತಟ್ಟಿಯೇ ಅಲೆ ಎದ್ದ ಹಾಗೆ ಕಾಣುತ್ತದೆ. ಯಾರಿಗಾದರೂ ಜೇನು ಕಡಿತದ ಅಲರ್ಜಿ ಇದ್ದರೆ ಮಾತ್ರ ಜೇನು ಸಾಕುವವರನ್ನು ಕರೆಸಿ ಬೇರೆ ಕಡೆ ಸಾಗಿಸಿ. ಇಲ್ಲವಾದರೆ ಸುತ್ತ ಹೂ ಕಡಿಮೆಯಾದಾಗ ಅವೇ ಜಾಗ ಬದಲಿಸುತ್ತವೆ, ಅಲ್ಲಿಯವರೆಗೆ ಆ ಬಳ್ಳಿಗೆ ಕತ್ತರಿ ಹಾಕಬೇಡಿ, ಗೇಟನ್ನು ಮೆಲ್ಲಗೆ ಮುಚ್ಚಿ.