ಸಿ ಸರ್ಟಿಫಿಕೇಟ್ ಇದ್ರೆ ಡೈರೆಕ್ಟ್ ಪೈಲಟ್ಟಾ ಸರ್?

(ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ಕೊಂಡು, ಜೊತೆಗೆ ಎನ್‌ಸಿಸಿ ಏರ್ ವಿಂಗ್ ನೋಡ್ಕೊಂಡು ರಿಟೈರ್ ಆದವನು ನಾನು. ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ದಾರಿದು, ಅದಕ್ಕೆ ಒಟ್ಟಿಗೆ ಇಟ್ಕೊಂಡು ಕೂತಿದೀನಿ.)

ಪ್ರಶ್ನೆ: ಸರ್ ನಮಸ್ತೆ. ನಂದು ದಾವಣಗೆರೆ ಹತ್ರ ಹಳ್ಳಿ, ಈ ವರ್ಷ ಬೆಂಗಳೂರಲ್ಲಿ ಬಿ.ಇ. ಸೇರಿದೀನಿ. ಕಾಲೇಜಲ್ಲಿ ಏರ್ ವಿಂಗ್ ಇದೆ. ಸಿ ಸರ್ಟಿಫಿಕೇಟ್ ತಗೊಂಡ್ರೆ ಎಕ್ಸಾಮೇ ಇಲ್ದೆ ಏರ್‌ಫೋರ್ಸ್ ಪೈಲಟ್ ಆಗ್ಬಹುದು ಅಂತ ಸೀನಿಯರ್ಸ್ ಹೇಳ್ತಾರೆ, ನಿಜಾನಾ? ಮನೇಲಿ ಅಪ್ಪ ಪರೇಡು ಗಿರೇಡು ಅಂತ ಮಾರ್ಕ್ಸ್ ಕಳ್ಕೋಬೇಡ ಅಂತಿದಾರೆ.

ಉತ್ತರ: ಅರ್ಧ ನಿಜ ಕಣಪ್ಪ. ಉಳಿದರ್ಧ ಯಾರೂ ಹೇಳಲ್ಲ, ಅದು ಗೊತ್ತಾಗೋ ಹೊತ್ತಿಗೆ ಮೂರು ವರ್ಷ ಆಗಿರತ್ತೆ.

ನಿಜ ಏನು ಅಂದ್ರೆ ಏರ್‌ಫೋರ್ಸ್‌ನ ಫ್ಲೈಯಿಂಗ್ ಬ್ರಾಂಚ್‌ಗೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಅಂತ ಒಂದು ಬಾಗಿಲಿದೆ. ಏರ್ ವಿಂಗ್ ಸೀನಿಯರ್ ಡಿವಿಷನ್ ಸಿ ಸರ್ಟಿಫಿಕೇಟ್ ಇದ್ರೆ ಎಎಫ್‌ಕ್ಯಾಟ್ ಅನ್ನೋ ಆನ್‌ಲೈನ್ ಪರೀಕ್ಷೆ ಬರಿಯೋ ಅಗತ್ಯ ಇಲ್ಲ, ಸೀದಾ ಎಎಫ್‌ಎಸ್‌ಬಿ, ಅಂದ್ರೆ ಏರ್‌ಫೋರ್ಸ್ ಸೆಲೆಕ್ಷನ್ ಬೋರ್ಡ್ ಇಂಟರ್‌ವ್ಯೂಗೆ ಕರೀತಾರೆ. ಎಷ್ಟು ಸೀಟು ಅಂತ ಕೇಳು. ಪರ್ಮನೆಂಟ್ ಕಮಿಷನ್‌ಗೆ, ಅಂದ್ರೆ ರಿಟೈರ್ ಆಗೋವರೆಗಿನ ಕೆಲಸಕ್ಕೆ, ಸಿಡಿಎಸ್ (ಸೇನಾ ಅಧಿಕಾರಿಗಳಿಗೆ ಯುಪಿಎಸ್‌ಸಿ ನಡೆಸೋ ಪರೀಕ್ಷೆ) ಖಾಲಿ ಹುದ್ದೆಗಳಲ್ಲಿ 10%, ಶಾರ್ಟ್ ಸರ್ವಿಸ್‌ಗೆ, ಅಂದ್ರೆ ಇಂತಿಷ್ಟೇ ವರ್ಷ ಅಂತಿರೋ ಕೆಲಸಕ್ಕೆ, ಎಎಫ್‌ಕ್ಯಾಟ್ ಹುದ್ದೆಗಳಲ್ಲಿ 10%. ಕೇಳೋಕೆ ಚೆನ್ನಾಗಿದೆ, ಆದ್ರೆ ಸಿಡಿಎಸ್‌ನಲ್ಲಿ ಏರ್‌ಫೋರ್ಸ್ ಅಕಾಡೆಮಿಗೆ ಒಂದು ಸಲಕ್ಕೆ ಇರೋದೇ 32 ಸೀಟು, ಅದ್ರಲ್ಲಿ ಏರ್ ವಿಂಗ್‌ನವರಿಗೆ 3. ಇಡೀ ದೇಶಕ್ಕೆ 3. ಹಂಗಾಗಿ ಸರ್ಟಿಫಿಕೇಟ್ ಉಳಿಸೋದು ಒಂದು ಪರೀಕ್ಷೆನ ಮಾತ್ರ, ಇಂಟರ್‌ವ್ಯೂ, ಪೈಲಟ್ ಟೆಸ್ಟ್, ಮೆಡಿಕಲ್ ಇದ್ಯಾವುದನ್ನೂ ಅಲ್ಲ.

ನಿಮ್ಮಪ್ಪ ಹೇಳಿದ್ದು ತಪ್ಪೇನಲ್ಲ. ಡಿಗ್ರಿಲಿ 60% ಇರ್ಬೇಕು, ಪಿಯುಸಿಲಿ ಫಿಸಿಕ್ಸು ಮ್ಯಾಥ್ಸು ಎರಡ್ರಲ್ಲೂ ಬೇರೆಬೇರೆಯಾಗಿ 50% ಇರ್ಬೇಕು, ಫೈನಲ್ ಇಯರಲ್ಲಿ ಅಪ್ಲಿಕೇಶನ್ ಹಾಕೋವಾಗ ಬ್ಯಾಕ್‌ಲಾಗ್ ಇರಬಾರದು. ಎಂ-2, ಅಂದ್ರೆ ಎರಡನೇ ಸೆಮಿಸ್ಟರ್ ಮ್ಯಾಥ್ಸ್, ಅದೊಂದನ್ನ ಉಳಿಸ್ಕೊಂಡು ಕೂತ ಕೆಡೆಟ್‌ಗಳನ್ನ ನಾನು ಎಷ್ಟು ನೋಡಿದೀನೋ. ಆದ್ರೆ ಪರೇಡ್ ಇರೋದು ವಾರಕ್ಕೆ ಒಂದೋ ಎರಡೋ ಸಲ, ಮಾರ್ಕ್ಸ್ ಹೋಗೋದು ಪರೇಡಿಂದ ಅಲ್ಲ, ಪರೇಡ್ ಮುಗಿದ ಮೇಲೆ ರಿಫ್ರೆಶ್‌ಮೆಂಟ್ ತಿಂದ್ಕೊಂಡು ಕ್ಯಾಂಟೀನ್ ಕಟ್ಟೆ ಮೇಲೆ ಮಧ್ಯಾಹ್ನದವರೆಗೂ ಕೂರ್ತಾರಲ್ಲ, ಅದ್ರಿಂದ. ಇದನ್ನ ನಿಮ್ಮಪ್ಪಂಗೆ ಹೇಳ್ಬೇಡ.

ನೀನು ಬಿ.ಇ. ಆಗಿರೋದು ಒಂದು ಲೆಕ್ಕದಲ್ಲಿ ಅನುಕೂಲ. ಎರಡು ವರ್ಷಕ್ಕೆ ಬಿ, ಮೂರು ವರ್ಷಕ್ಕೆ ಸಿ, ಅಂದ್ರೆ ನಾಲ್ಕನೇ ವರ್ಷ ಶುರು ಆಗೋ ಹೊತ್ತಿಗೆ ಸರ್ಟಿಫಿಕೇಟ್ ಕೈಲಿರತ್ತೆ. ಆದ್ರೆ ಇದು ಮೊದಲನೇ ವರ್ಷವೇ ಸೇರಿದ್ರೆ ಮಾತ್ರ, ಎನ್‌ರೋಲ್‌ಮೆಂಟ್ ದಿನ ಊರಿಗೆ ಹೋಗಿದ್ದೆ ಸರ್ ಅಂತ ಆಮೇಲೆ ಬಂದ್ರೆ ನಾವೂ ಏನೂ ಮಾಡೋಕಾಗಲ್ಲ. ಹಾಜರಿ 75% ಬೇಕು, ಕ್ಯಾಂಪ್ ಮುಗಿಸಿರ್ಬೇಕು. ವಯಸ್ಸು ಕೋರ್ಸ್ ಶುರುವಾಗೋ ದಿನಕ್ಕೆ, ಅಂದ್ರೆ ಜನವರಿ 1 ಅಥವಾ ಜುಲೈ 1ಕ್ಕೆ, 20ರಿಂದ 24ರ ಒಳಗೆ. ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ಇಲಾಖೆ) ಕೊಡೋ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ರೆ 26ರವರೆಗೆ. ನೋಟಿಫಿಕೇಶನ್ ಡಿಸೆಂಬರಲ್ಲಿ ಒಂದು, ಜೂನಲ್ಲಿ ಒಂದು ಬರತ್ತೆ, ಅದ್ರಲ್ಲಿ ಸಿ ಸರ್ಟಿಫಿಕೇಟ್ ಯಾವ ತಾರೀಕಿನ ನಂತರದ್ದು ಇರ್ಬೇಕು ಅಂತ ಇರೋ ಸಾಲನ್ನ ಬೆರಳಿಟ್ಟು ಓದು.

ಈಗ ಮುಖ್ಯ ವಿಷಯ, ಇದನ್ನ ಇವತ್ತೇ ಮಾಡು. ಒಂದು ಟೇಪ್ ತಗೋ, ದರ್ಜಿ ಟೇಪಾದ್ರೂ ಸರಿ. ಗೋಡೆಗೆ ಬೆನ್ನು, ಸೊಂಟ ಎರಡೂ ಅಂಟಿಸಿ ಕುರ್ಚಿ ಮೇಲೆ ಕೂತ್ಕೋ, ರೂಂಮೇಟ್ ಕೈಲಿ ಗೋಡೆಯಿಂದ ಮಂಡಿ ತುದಿವರೆಗೆ ಅಳತೆ ಹಿಡಿಸು. 64 ಸೆಂಟಿಮೀಟರ್ ದಾಟಬಾರದು. ಆಮೇಲೆ ಹಂಗೇ ಕೂತು ಕಾಲು ನೇರ ಚಾಚಿ ಗೋಡೆಯಿಂದ ಹಿಮ್ಮಡಿವರೆಗೆ, ಅದು 99ರಿಂದ 120ರ ಒಳಗೆ. ಕೂತಾಗಿನ ಎತ್ತರ 81.5ರಿಂದ 96. ನಿಂತ ಎತ್ತರ ಕನಿಷ್ಠ 162.5. ಇದೇನು ಬಟ್ಟೆ ಹೊಲಿಸೋ ಅಳತೆ ಅಂತ ನಗಬೇಡ, ಕಾಕ್‌ಪಿಟ್ ಅನ್ನೋದು ಒಂದು ಡಬ್ಬ, ಕಾಲು ಗಿಡ್ಡ ಆದ್ರೆ ರಡ್ಡರ್ ಪೆಡಲ್ ಪೂರ್ತಿ ಒತ್ತೋಕಾಗಲ್ಲ, ತೊಡೆ ಉದ್ದ ಆದ್ರೆ ಎಜೆಕ್ಷನ್ ಸೀಟ್ ಮೇಲಕ್ಕೆ ಚಿಮ್ಮೋವಾಗ ಮಂಡಿ ಎದುರಿನ ಪ್ಯಾನೆಲ್‌ಗೆ ಬಡಿಯತ್ತೆ.

ನಮ್ಮ ಫ್ಲೈಟಲ್ಲೇ, ಅಂದ್ರೆ ಕಾಲೇಜಿನ ಎನ್‌ಸಿಸಿ ತುಕಡಿಲಿ, ಒಬ್ಬ ಇದ್ದ, ಆರಡಿ ದಾಟಿದ ಹುಡುಗ. ಜಕ್ಕೂರಲ್ಲಿ ಮೊದಲನೇ ಸಲ ಮೈಕ್ರೋಲೈಟ್ ಅನ್ನೋ ಪುಟ್ಟ ವಿಮಾನ ಹತ್ತಿದಾಗ ತನ್ನ ಬೆರೆ ಕ್ಯಾಪಿಗೇ ವಾಂತಿ ಮಾಡ್ಕೊಂಡು, ಇಳಿದು, ಕೊಳಾಯಿ ಹತ್ರ ಕ್ಯಾಪ್ ತೊಳೀತಾ ಸರ್ ಇನ್ನೊಂದು ಸಾರ್ಟಿ (ಹಾರಾಟದ ಸುತ್ತು) ಸಿಗತ್ತಾ ಅಂತ ಕೇಳಿದ್ದ. ಆವತ್ತೇ ನಂಗೆ ಅನ್ಸಿತ್ತು ಇವನು ಹೋಗ್ತಾನೆ ಅಂತ. ಬೋರ್ಡ್ ಪಾಸಾದ, ಪೈಲಟ್ ಟೆಸ್ಟ್ ಪಾಸಾದ, ಮೆಡಿಕಲ್‌ಗೆ ಹೋದ. ಸಂಜೆ ಫೋನ್ ಮಾಡಿ ಒಂದೇ ಮಾತು, ಸರ್ ಒಂದೂವರೆ ಸೆಂಟಿಮೀಟರ್. ತೊಡೆ. ಆ ಅಳತೆನ ಮೊದಲನೇ ವರ್ಷ ನಾನೇ ಹಿಡಿಸಿದ್ರೆ ಅವನು ಬೇರೆ ಬ್ರಾಂಚ್‌ಗೆ ಮನಸ್ಸು ಸಿದ್ಧ ಮಾಡ್ಕೊಂಡಿರ್ತಿದ್ದ, ಅದು ನನ್ನ ತಪ್ಪೂ ಹೌದು. ಅದಾದ ಮೇಲೆ ಪ್ರತಿ ಬ್ಯಾಚ್‌ಗೂ ಮೊದಲನೇ ಪರೇಡಿಗೇ ಟೇಪ್ ತಗೊಂಡು ಹೋಗ್ತಿದ್ದೆ, ಪಿಐ ಸ್ಟಾಫ್ (ಡ್ರಿಲ್ ಹೇಳಿಕೊಡೋ ಸೇನೆಯವರು) ನಂಗೆ ಟೈಲರ್ ಸಾಹೇಬ್ ಅಂತ ಹೆಸರಿಟ್ಟಿದ್ರು.

ಎಎಫ್‌ಎಸ್‌ಬಿ ಬಗ್ಗೆ: ನಮ್ಮವರಿಗೆ ಹತ್ತಿರದ್ದು ಮೈಸೂರು. ಮೊದಲ ದಿನ ಸ್ಕ್ರೀನಿಂಗ್, ಒಂದು ಮಬ್ಬು ಚಿತ್ರ ತೋರಿಸಿ ಕಥೆ ಬರೆಸಿ ಗುಂಪಲ್ಲಿ ಮಾತಾಡಿಸ್ತಾರೆ, ಅಲ್ಲೇ ಸುಮಾರು ಜನ ಬ್ಯಾಗ್ ಎತ್ಕೊಂಡು ಬಸ್‌ಸ್ಟ್ಯಾಂಡ್‌ಗೆ ವಾಪಸ್. ಉಳಿದವರಿಗೆ ಸೈಕಾಲಜಿ ಟೆಸ್ಟು, ಗ್ರೂಪ್ ಟಾಸ್ಕು, ಇಂಟರ್‌ವ್ಯೂ, ಕೊನೆಗೆ ಕಾನ್ಫರೆನ್ಸ್. ಎನ್‌ಸಿಸಿಯಿಂದ ಹೋದವನಿಗೆ ಇಂಟರ್‌ವ್ಯೂಲಿ ಎನ್‌ಸಿಸಿನೇ ಕೇಳ್ತಾರೆ, ಅಲ್ಲೇ ನಮ್ಮ ಹುಡುಗರು ಸಿಕ್ಕಿ ಬೀಳೋದು. ನೀನು ಹತ್ತಿದ ವೈರಸ್ ಎಸ್‌ಡಬ್ಲ್ಯೂ ಮೈಕ್ರೋಲೈಟ್‌ನ ಎಂಜಿನ್ ಯಾವ್ದು ಅಂದ್ರೆ ರೋಟ್ಯಾಕ್ಸ್ 912, 80 ಹಾರ್ಸ್‌ಪವರ್ ಅಂತ ಬಾಯಿಗೆ ಬರ್ಬೇಕು, ಸ್ಟಾಲ್ ಅಂದ್ರೆ ಎಂಜಿನ್ ನಿಲ್ಲೋದು ಅಂತ ಹೇಳಿದ್ರೆ ಕಥೆ ಮುಗೀತು. ಸ್ಟಾಲ್ ಆಗೋದು ರೆಕ್ಕೆ, ಎಂಜಿನ್ ಅಲ್ಲ. ಕ್ಯಾಂಪಲ್ಲಿ ನೀನು ಮಾಡಿದ್ದು ಅಡುಗೆ ಡ್ಯೂಟಿ ಆದ್ರೆ ಅಡುಗೆ ಡ್ಯೂಟಿ ಅಂತಾನೇ ಹೇಳು, 400 ಜನಕ್ಕೆ ಚಪಾತಿ ಲೆಕ್ಕ ಹೇಗೆ ಹಾಕಿದೆ ಅನ್ನೋದ್ರಲ್ಲಿ ಬೇಕಾದಷ್ಟು ಮಾತಾಡಬಹುದು.

ಅದಾದ ಮೇಲೆ ಸಿಪಿಎಸ್‌ಎಸ್, ಅಂದ್ರೆ ಕಂಪ್ಯೂಟರ್ ಮೇಲೆ ಪೈಲಟ್ ಆಗೋ ಕೈಗುಣ ನೋಡೋ ಟೆಸ್ಟ್. ಜಾಯ್‌ಸ್ಟಿಕ್ಕು, ಕಾಲಿಗೆ ಪೆಡಲ್ಲು, ಕಣ್ಣು ಒಂದು ಕಡೆ ಕಿವಿ ಒಂದು ಕಡೆ. ಇದು ಜೀವಮಾನಕ್ಕೆ ಒಂದೇ ಸಲ. ಎನ್‌ಡಿಎಗೆ ಸುಮ್ನೆ ಟ್ರೈ ಮಾಡೋಣ ಅಂತ 17ನೇ ವಯಸ್ಸಲ್ಲಿ ಹೋಗಿ ಇದ್ರಲ್ಲಿ ಫೇಲಾಗಿದ್ರೆ ಎನ್‌ಸಿಸಿ, ಸಿಡಿಎಸ್, ಎಎಫ್‌ಕ್ಯಾಟ್ ಎಲ್ಲ ಕಡೆನೂ ಫ್ಲೈಯಿಂಗ್ ಬ್ರಾಂಚ್ ಮುಚ್ಚಿದ ಹಾಗೇ. ಅದಕ್ಕೇ ರಾತ್ರಿಯೆಲ್ಲ ಬಸ್ಸಲ್ಲಿ ನಿಂತ್ಕೊಂಡು ಬಂದು ನಿದ್ದೆಗಣ್ಣಲ್ಲಿ ರಿಪೋರ್ಟ್ ಮಾಡ್ಕೊಳೋ ಕೆಲಸ ಬೇಡ, ಒಂದು ದಿನ ಮುಂಚೆ ಮೈಸೂರು ಸೇರ್ಕೋ.

ಇಷ್ಟೆಲ್ಲ ಹೇಳಿದ ಮೇಲೆ, ಎನ್‌ಸಿಸಿ ಬಾಗಿಲೊಂದನ್ನೇ ನಂಬ್ಕೊಂಡು ಕೂರಬೇಡ, ಎಎಫ್‌ಕ್ಯಾಟೂ ಬರಿ. 100 ಪ್ರಶ್ನೆ, 300 ಮಾರ್ಕ್ಸು, ತಪ್ಪಿಗೆ ಒಂದು ಮೈನಸ್. ಸಿಡಿಎಸ್ಸೂ ಬರಿ. ಸೆಲೆಕ್ಟ್ ಆದ್ರೆ ಹೈದರಾಬಾದ್ ಹತ್ರ ಡುಂಡಿಗಲ್ ಅಕಾಡೆಮಿ, ಮೊದಲು ಪಿಲಾಟಸ್ ಪಿಸಿ-7 ಅನ್ನೋ ತರಬೇತಿ ವಿಮಾನ, ಆಮೇಲೆ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಅಂತ ಬೇರೆ ಮಾಡ್ತಾರೆ. ಫೈಟರ್ ಸಿಕ್ಕಿದ್ರೆ ಹಾಕ್ ಅನ್ನೋ ತರಬೇತಿ ಜೆಟ್ ಹಾರಿಸೋಕೆ ನಮ್ಮ ಬೀದರ್‌ಗೇ ಬರ್ತೀಯ, ಟ್ರಾನ್ಸ್‌ಪೋರ್ಟ್ ಆದ್ರೆ ಯಲಹಂಕ.

ಪ್ರಶ್ನೆ: ನಮಸ್ಕಾರ ಸರ್. ಮಗಳು ಪಿಯುಸಿ ಸೈನ್ಸ್, ಫೈಟರ್ ಪೈಲಟ್ ಆಗ್ತೀನಿ ಅಂತ ಹಠ. ಮೈನಸ್ 1.25 ಕನ್ನಡಕ ಇದೆ. ಲೇಸರ್ ಮಾಡಿಸಿದ್ರೆ ಸರಿ ಹೋಗತ್ತೆ ಅಂತ ಕ್ಲಿನಿಕ್‌ನವ್ರು ಹೇಳಿದ್ರು. ಹೆಣ್ಮಕ್ಕಳನ್ನ ತಗೋತಾರಾ?

ಉತ್ತರ: ಎರಡನೇದಕ್ಕೆ ಮೊದಲು ಉತ್ತರ ಕೊಡ್ತೀನಿ ಮೇಡಂ, ಅದು ಖುಷಿದು. 2016ರ ಜೂನಲ್ಲಿ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಬಂದ್ರಲ್ಲ, ಅವರಲ್ಲಿ ಭಾವನಾ ಕಾಂತ್ ಇಂಜಿನಿಯರಿಂಗ್ ಓದಿದ್ದು ಬೆಂಗಳೂರಿನ ಬಿಎಂಎಸ್‌ನಲ್ಲಿ. 2018ರಲ್ಲಿ ನಮ್ಮ ಚಿಕ್ಕಮಗಳೂರು ಕಡೆಯ ಮೇಘನಾ ಶಾನುಭೋಗ್ ಬಂದ್ರು. ಏರ್ ವಿಂಗ್‌ನಲ್ಲಿ ಹುಡುಗಿಯರಿಗೆ ಸೀನಿಯರ್ ವಿಂಗ್ ಅಂತಿದೆ. ಶಾರ್ಟ್ ಸರ್ವಿಸ್ ಫ್ಲೈಯಿಂಗ್ ಅಂದ್ರೆ 14 ವರ್ಷ.

ಕಣ್ಣಿನ ವಿಷಯ ಕಷ್ಟ. ಫ್ಲೈಯಿಂಗ್ ಬ್ರಾಂಚ್‌ಗೆ ಒಂದು ಕಣ್ಣು 6/6, ಇನ್ನೊಂದು 6/9 ಇರ್ಬೇಕು, ಆ 6/9ನ ಸರಿ ಮಾಡೋಕೂ ಪ್ಲಸ್ ಪವರ್ ಮಾತ್ರ ಒಪ್ತಾರೆ, ಮೈನಸ್ ಒಪ್ಪಲ್ಲ. ಕನ್ನಡಕ ಬಿಚ್ಚಿಟ್ಟು ಹೋದ್ರೂ ನಡಿಯಲ್ಲ, ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಲಿ ಕಣ್ಣಿಗೆ ಡ್ರಾಪ್ಸ್ ಬಿಟ್ಟು ನೋಡ್ತಾರೆ. ಲೇಸರ್ ಬಗ್ಗೆ ಕ್ಲಿನಿಕ್ ಮಾತು ಬಿಟ್ಬಿಡಿ, ಅವರಿಗೆ ಮಾರೋದಿದೆ. ಮಗಳಿಗೆ 20 ತುಂಬೋ ಮುಂಚೆ ಕಣ್ಣಿಗೆ ಕೈ ಹಾಕಿಸಲೇಬೇಡಿ, ಆಗ ಮಾಡಿಸಿದ್ರೆ ಆಮೇಲೆ ಬೇರೆ ಬ್ರಾಂಚ್‌ಗೂ ಅಡ್ಡ ಬರತ್ತೆ. ಮಗಳಿಗೆ ಈಗಲೇ ಕೂರಿಸಿ ಹೇಳೋದು ವಾಸಿ. ಏರ್‌ಫೋರ್ಸೇ ಬೇಕು ಅಂದ್ರೆ ಗ್ರೌಂಡ್ ಡ್ಯೂಟಿ ಇದೆ, ಹಾರೋದೇ ಬೇಕು ಅಂದ್ರೆ ಸಿವಿಲ್ ಪೈಲಟ್‌ಗೆ ಕನ್ನಡಕ ಹಾಕ್ಕೊಂಡೂ ಮೆಡಿಕಲ್ ಪಾಸ್ ಆಗ್ಬಹುದು, ಆದ್ರೆ ಖರ್ಚು ನಿಮ್ಮ ಜೇಬಿಂದ, ಅದು ಸಣ್ಣದಲ್ಲ.

ಪ್ರಶ್ನೆ: ನಾವಿರೋದು ಟೆಕ್ಸಸ್‌ನಲ್ಲಿ, ಮೂಲ ಧಾರವಾಡ. ಮಗ ಇಲ್ಲೇ ಹುಟ್ಟಿದ್ದು, ಯೂನಿವರ್ಸಿಟಿಲಿ ಆರ್‌ಒಟಿಸಿ ಸೇರ್ತಾನಂತೆ. ನಮ್ಮ ಎನ್‌ಸಿಸಿ ಥರಾನೇ ತಾನೇ, ಬೇಡ ಅಂದ್ರೆ ಬಿಡಬಹುದಲ್ವಾ?

ಉತ್ತರ: ಅಲ್ಲ ರೀ, ಯೂನಿಫಾರ್ಮ್ ನೋಡಿ ಮೋಸ ಹೋಗ್ಬೇಡಿ. ಎನ್‌ಸಿಸಿಲಿ ಸೇರಿದವನಿಗೆ ಸೈನ್ಯಕ್ಕೆ ಹೋಗೋ ಬಾಧ್ಯತೆ ಇಲ್ಲ, ಹಂಗೇ ಮುಗಿಸಿದವನಿಗೆ ಕೆಲಸದ ಗ್ಯಾರಂಟಿನೂ ಇಲ್ಲ. ಆರ್‌ಒಟಿಸಿ ಅಲ್ಲಿ ಅಧಿಕಾರಿಗಳನ್ನ ತಯಾರು ಮಾಡೋ ದಾರಿನೇ, ಡಿಗ್ರಿ ಮುಗಿದ ಕೂಡ್ಲೇ ಸೆಕೆಂಡ್ ಲೆಫ್ಟಿನೆಂಟ್ ಕಮಿಷನ್, ಸ್ಕಾಲರ್‌ಶಿಪ್ಪೂ ಕೊಡ್ತಾರೆ. ಏರ್‌ಫೋರ್ಸ್ ಆರ್‌ಒಟಿಸಿ ಆದ್ರೆ ಮೊದಲೆರಡು ವರ್ಷ ಸುಮಾರಾಗಿ ಸಡಿಲ ಇರತ್ತೆ, ಬೇಸಿಗೆಲಿ ಅಲಬಾಮಾದ ಮ್ಯಾಕ್ಸ್‌ವೆಲ್ ಬೇಸ್‌ನಲ್ಲಿ ಫೀಲ್ಡ್ ಟ್ರೈನಿಂಗ್ ಮುಗಿಸಿ ಮೂರನೇ ವರ್ಷಕ್ಕೆ ಕಾಂಟ್ರಾಕ್ಟ್‌ಗೆ ಸಹಿ ಹಾಕಿದ್ರೆ ಆಮೇಲೆ ಬಿಡೋದು ಸಲೀಸಲ್ಲ. ಪೈಲಟ್ ಸ್ಲಾಟ್ ಬೇರೆ ಸ್ಪರ್ಧೆ, ಗ್ರೇಡು, ಎಎಫ್‌ಒಕ್ಯೂಟಿ ಪರೀಕ್ಷೆ, ಕಮಾಂಡರ್ ಕೊಡೋ ರ್‍ಯಾಂಕಿಂಗ್ ಎಲ್ಲ ಸೇರಿ. ಸಿಕ್ಕಿ ಪೈಲಟ್ ಟ್ರೈನಿಂಗ್ ಮುಗಿದ ದಿನದಿಂದ 10 ವರ್ಷ ಸೇವೆ ಮಾಡಲೇಬೇಕು, ಟ್ರೈನಿಂಗ್ ಕಾಲ ಲೆಕ್ಕಕ್ಕಿಲ್ಲ. ಅಮೆರಿಕದ ನಾಗರಿಕತ್ವ ಕಡ್ಡಾಯ, ಅದು ನಿಮ್ಮ ಮಗನಿಗೆ ಹುಟ್ಟಿನಿಂದಲೇ ಇದೆ. ಕನ್ನಡಕದ ವಿಷಯದಲ್ಲಿ ಅವರು ನಮ್ಮವರಿಗಿಂತ ಉದಾರಿಗಳು.

ಪ್ರಶ್ನೆ: ಪಿಯುಸಿ ಕಾಮರ್ಸ್, ಈಗ ಬಿ.ಕಾಂ. ಎನ್‌ಸಿಸಿ ಆರ್ಮಿ ವಿಂಗ್, ಬಿ ಸರ್ಟಿಫಿಕೇಟ್ ಆಯ್ತು. ಪೈಲಟ್ ಆಗೋ ಚಾನ್ಸ್ ಇದ್ಯಾ ಸರ್?

ಉತ್ತರ: ಇಲ್ಲಮ್ಮ, ಪಿಯುಸಿಲಿ ಫಿಸಿಕ್ಸ್ ಮ್ಯಾಥ್ಸ್ ಇಲ್ದೇ ಏರ್‌ಫೋರ್ಸ್ ಫ್ಲೈಯಿಂಗ್ ಆಗಲ್ಲ, ಆರ್ಮಿ ವಿಂಗ್ ಸರ್ಟಿಫಿಕೇಟ್ ಆ ಬಾಗಿಲಿಗೆ ಹೊಂದೋದೂ ಇಲ್ಲ. ಆದ್ರೆ ನಿನ್ನ ಕೈಲಿರೋದು ಬೇರೆ ಬೀಗದ ಕೀ. ಸಿ ಸರ್ಟಿಫಿಕೇಟಲ್ಲಿ ಕನಿಷ್ಠ ಬಿ ಗ್ರೇಡು, ಡಿಗ್ರಿಲಿ 50% ಇದ್ರೆ ಆರ್ಮಿಯ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಬರವಣಿಗೆ ಪರೀಕ್ಷೆ ಇಲ್ದೇ ಅರ್ಜಿ ಹಾಕ್ಬಹುದು, ಕಾಮರ್ಸ್ ಆದ್ರೂ ಅಡ್ಡಿಯಿಲ್ಲ. ಸಿ ಪರೀಕ್ಷೆಗೆ ಕ್ಯಾಂಪ್ ಬಾಕಿ ಇದ್ರೆ ಈ ರಜೆಲೇ ಮುಗಿಸ್ಕೋ.